ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಯುವಕರು, ಊರಿನ ಮಕ್ಕಳ ಓದು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತವು. ತಮ್ಮ ಊರಿನ ಮಕ್ಕಳಿಗೆ ಓದು ಕಲಿಸಲು, ಶಾಲೆ ಬಿಟ್ಟವರನ್ನು ಮರಳಿ ಕರೆತರಲು ತಾವಾಗಿಯೇ ಮುಂದಾಗಿರುವ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಅವನ್ನು ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೆಲವರು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ತಾಲ್ಲೂಕನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾವು ಐವರು ಗೆಳೆಯರು ಪದವಿ ಓದುತ್ತಿದ್ದೇವೆ. ನಮ್ಮೂರಿನ ಸಮುದಾಯ ಭವನದಲ್ಲಿ ಸಂಜೆ ಆರರಿಂದ ಎಂಟರವರೆಗೆ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಬೇಕೆಂದಿದ್ದೇವೆ. ಏಳನೆಯ, ಎಂಟನೆಯ ತರಗತಿಯವರಲ್ಲಿಯೂ ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹೇಳಿಕೊಟ್ಟರೆ ಸಾಕೆಂದು ಹಿರಿಯರು ಹೇಳುತ್ತಾರೆ. ಎಲ್ಲಿಂದ ಆರಂಭಿಸಬೇಕು?
(ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಹಿರಿಯರ ಮಾತಿನ ಹಿಂದಿರುವ ಕಳವಳ ಅರ್ಥವಾಗುವಂಥದ್ದು. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ಶೇ 50.59 ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಶೇ 42.43 ಫಲಿತಾಂಶದ ಕಲಬುರಗಿ ಆ ಸ್ಥಾನಕ್ಕೆ ಬಂತು. ಆದರೆ ಹತ್ತನೆಯ ತರಗತಿಯಲ್ಲಿ ನಪಾಸಾದ ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು ತಿರುವಿದರೆ ತೊಂದರೆ ಆರಂಭವಾದದ್ದು ಮೂರನೆಯ, ನಾಲ್ಕನೆಯ ತರಗತಿಗಳಲ್ಲಿ ಎಂಬುದು ಕಾಣುತ್ತದೆ. ಪ್ರಶ್ನೆಪತ್ರಿಕೆಯನ್ನು ತಾನಾಗಿ ಓದಿ ಅರ್ಥಮಾಡಿಕೊಳ್ಳಲಾಗದ ಹುಡುಗನಿಗೆ ಫೆಬ್ರುವರಿಯಲ್ಲಿ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಬೇಕಾದಷ್ಟು ಆಯ್ದ ಪ್ರಶ್ನೋತ್ತರಗಳನ್ನು, ಬಾಯಿಪಾಠ ಮಾಡಿಸುವ ಕೆಲಸವನ್ನು ಪ್ರೌಢಶಾಲೆಯ ಶಿಕ್ಷಕರು ಈಗಾಗಲೇ ಮಾಡುತ್ತಿದ್ದಾರೆ. ನೀವು ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ಮತ್ತು ಅದಕ್ಕಿಂತ ಮೇಲಿನ ತರಗತಿಗಳಲ್ಲಿದ್ದೂ ಓದು ಬಾರದವರನ್ನು ತೆಗೆದುಕೊಳ್ಳಿ. ವಿಷಯ ಒಂದೇ ಇರಲಿ, ಕನ್ನಡ ಓದು. ಲೆಕ್ಕವನ್ನು ಎರಡು ತಿಂಗಳ ನಂತರ ಸೇರಿಸಬಹುದು.

ಮೊದಲ ವಾರ ಪಾಠ ಹೇಳಬೇಡಿ. ಪ್ರತಿಯೊಂದು ಮಗುವನ್ನೂ ಬೇರೆಯಾಗಿ, ಉಳಿದ ಮಕ್ಕಳಿಂದ ಸ್ವಲ್ಪ ದೂರದಲ್ಲಿ, ಗುಡಿಯ ಕಟ್ಟೆಯ ಮೇಲಾದರೂ ಸರಿ, ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಒಂದು ಹಾಳೆಯಲ್ಲಿ ಕೆಲವು ಬಿಡಿ ಅಕ್ಷರಗಳು, ಕೆಲವು ಸರಳ ಪದಗಳು, ನಾಲ್ಕು ಸಾಲಿನ ಒಂದು ಪರಿಚ್ಛೇದ, ಹತ್ತು ಸಾಲಿನ ಒಂದು ಸಣ್ಣ ಕಥೆ ಇದ್ದರೆ ಸಾಕು. 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಸ್ವಯಂಸೇವಕರು ಮನೆ ಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವುದು ಹೆಚ್ಚು ಕಡಿಮೆ ಇದೇ ಬಗೆಯಲ್ಲಿ. ಪಠ್ಯಪುಸ್ತಕದ ಪಾಠವನ್ನು ಪರೀಕ್ಷೆಗೆ ಬಳಸಬಾರದು, ಏಕೆಂದರೆ ಮೊದಲ ಸಾಲು ಕಂಡ ಕೂಡಲೇ ಇಡೀ ಪಾಠವನ್ನು ಸರಾಗವಾಗಿ ಒಪ್ಪಿಸುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಂಥ ಮಗುವಿನ ಬೆರಳನ್ನು ಗಮನಿಸಿ. ಬಾಯಿ ಐದನೆಯ ಸಾಲನ್ನು ಹೇಳುತ್ತಿರುವಾಗ ಬೆರಳು ಇನ್ನೂ ಎರಡನೆಯ ಸಾಲಿನ ಮೇಲೆ ನಿಂತಿರುತ್ತದೆ. ನಡುವಿನ ಒಂದು ಪದವನ್ನು ತೋರಿಸಿ ಇದೇನೆಂದು ಕೇಳಿದರೆ ಮಗು ಸುಮ್ಮನಾಗಿ ನಿಮ್ಮ ಮುಖ ನೋಡುತ್ತದೆ. ಇನ್ನು ಕೆಲವು ಮಕ್ಕಳು ಬಿಡಿ ಅಕ್ಷರಗಳನ್ನೂ ಕಾಗುಣಿತವನ್ನೂ ಚೆನ್ನಾಗಿ ಬಲ್ಲವರಾಗಿದ್ದು, ಒತ್ತಕ್ಷರ ಬಂದಲ್ಲಿ ಎಡವಿ ‘ಅಕ್ಕ’ ಎಂಬುದನ್ನು ‘ಅಕ’ ಎಂದೂ ‘ಎತ್ತು’ ಎಂಬುದನ್ನು ‘ಎತು’ ಎಂದೂ ಓದುತ್ತಾರೆ. ಈ ಎರಡು ಬಗೆಯ ಮಕ್ಕಳಿಗೆ ಬೇಕಾದ ಪಾಠ ಬೇರೆ ಬೇರೆ, ಅವರಿಬ್ಬರೂ ಒಂದೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರಾದರೂ ಸಹ.

ಆದ್ದರಿಂದ ಗುಂಪುಗಳನ್ನು ತರಗತಿಯ ಪ್ರಕಾರ ಮಾಡದೆ ಓದಿನ ಮಟ್ಟದ ಪ್ರಕಾರ ಮಾಡಿ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ ಪ್ರಥಮ್ ಹಲವು ರಾಜ್ಯಗಳಲ್ಲಿ ನಡೆಸಿರುವ ಕಲಿಕಾ ಕಾರ್ಯಕ್ರಮಗಳ ತಳಹದಿಯೂ ಇದೇ. ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಪದ್ಧತಿಯೂ ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ಆಲೋಚನೆಯದೇ. ಅಕ್ಷರ ಬಾರದವರಿಗೆ ಗೋಡೆಗೆ ತೂಗುಹಾಕಿದ ವರ್ಣಮಾಲೆಯ ಚಾರ್ಟಿನಿಂದ ಅ ಆ ಇ ಈ ಎಂದು ಆರಂಭಿಸುವ ಅಭ್ಯಾಸ ಬಿಡಿ. ನಲಿ-ಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದು ಅಕ್ಷರಗಳಿಂದಲೇ ಸರ, ಅಗಸ, ಗರಗಸ ಎಂಬ ಪದಗಳಾಗುವುದರಿಂದ ಮಗು ಕಲಿತ ಎರಡು ಮೂರು ದಿನಗಳಲ್ಲಿ ಅರ್ಥವಿರುವ ಒಂದು ಪದವನ್ನು ತಾನೇ ಓದಿಬಿಡುತ್ತದೆ, ಮತ್ತು ಆ ಸಂತೋಷ ಮರುದಿನ ಅದನ್ನು ಕರೆಯದೆಯೇ ತರಗತಿಗೆ ಬರುವಂತೆ ಮಾಡುತ್ತದೆ. ಒತ್ತಕ್ಷರಕ್ಕೂ ಮಗುವಿನ ಬಾಯಲ್ಲಿರುವ ಮಾತನ್ನೇ ತೆಗೆದುಕೊಳ್ಳಿ: ರೊಟ್ಟಿ, ಅಜ್ಜಿ, ಹಳ್ಳ, ಹತ್ತಿ. ಅದೇ ಅಕ್ಷರಕ್ಕೆ ಅದೇ ಒತ್ತು ಇರುವ ಇಂಥ ಪದಗಳು ಕೈವಶವಾದ ಬಳಿಕ ಪುಸ್ತಕ, ಭಕ್ತಿ, ಕಷ್ಟ ಮೊದಲಾದವುಗಳ ಕಡೆಗೆ ಹೋಗಬಹುದು.

ಏಳನೆಯ ತರಗತಿಯ ಹುಡುಗನನ್ನು ಮೂರನೆಯ ತರಗತಿಯ ಮಕ್ಕಳ ಜೊತೆ ಕೂರಿಸಿದರೆ ಅವನು ಮರುದಿನ ಬರುವುದಿಲ್ಲ. ಅವನಿಗೆ ಮುಂಚಿತವಾಗಿ ಒಂದು ಸಣ್ಣ ಕಥೆಯನ್ನು ಹೇಳಿಕೊಟ್ಟು, ಎರಡು ದಿನ ಅಭ್ಯಾಸ ಮಾಡಿಸಿ, ಚಿಕ್ಕ ಮಕ್ಕಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವ ಜವಾಬ್ದಾರಿ ಕೊಡಿ. ಅವನ ಮರ್ಯಾದೆ ಉಳಿಯುತ್ತದೆ, ಓದೂ ಬರುತ್ತದೆ.

ಎರಡು ಗಂಟೆ ಹೆಚ್ಚಾಯಿತು. ಹೊಲದಿಂದಲೋ ಶಾಲೆಯಿಂದಲೋ ದಣಿದು ಬಂದ ಮಗುವಿಗೆ ಒಂದೂಕಾಲು ಗಂಟೆ ಸಾಕು. ಅದರಲ್ಲಿ ಕಡೆಯ ಹತ್ತು ನಿಮಿಷ ನೀವೇ ಒಂದು ಪುಸ್ತಕದಿಂದ ಕಥೆ ಓದಿ ಹೇಳಿ. ಪುಸ್ತಕಗಳಿಗಾಗಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಕೇಳಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಎರಡು ತಿಂಗಳಾದ ಮೇಲೆ ಮತ್ತೆ ಅದೇ ಬಗೆಯ ಹಾಳೆ ಹಿಡಿದು ಓದಿಸಿ ನೋಡಿ. ಮುಂದೆ ಸರಿಯದ ಮಕ್ಕಳು ಯಾರೆಂದು ಗೊತ್ತಾದರೆ ಮುಂದಿನ ಎರಡು ತಿಂಗಳು ನಿಮ್ಮ ಸಮಯ ಯಾರ ಪಾಲಿಗೆ ಹೆಚ್ಚು ಹೋಗಬೇಕೆಂಬುದು ನಿಶ್ಚಯವಾಗುತ್ತದೆ.

ಇನ್ನೊಂದು ಮಾತು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36 ಇದ್ದಾಗ ನಿಮ್ಮ ಜಿಲ್ಲೆಯದು ಶೇ 51.83, ಹೆಣ್ಣುಮಕ್ಕಳದು ಶೇ 41.38. ಇಂದು ನಿಮ್ಮ ಮುಂದೆ ಕೂರುವ ಮಕ್ಕಳ ತಾಯಂದಿರು ಆ ಅಂಕಿಯೊಳಗಿದ್ದವರು. ಅವರ ಮನೆಗಳಲ್ಲಿ ಸಂಜೆ ಪಾಟಿಚೀಲ ತೆಗೆದು ನೋಡಿ, ಇಂದು ಏನು ಕಲಿತೆ ಎಂದು ಕೇಳಬಲ್ಲವರು ಇಲ್ಲದಿರಬಹುದು. ಆ ಮಕ್ಕಳ ಪಾಲಿಗೆ ನೀವು ಓದು ಬಲ್ಲ ಅಣ್ಣಂದಿರು. ಶಿಕ್ಷಕರ ಧಾಟಿಯಲ್ಲಿ ಬೋಧಿಸುವುದಕ್ಕಿಂತ ಅಣ್ಣನಂತೆ ಪಕ್ಕದಲ್ಲಿ ಕೂರುವುದು ನಿಮ್ಮಿಂದ ಚೆನ್ನಾಗಿ ಆಗುತ್ತದೆ, ಅವರಿಗೆ ಬೇಕಾಗಿರುವುದೂ ಅದೇ.

ಪ್ರಶ್ನೆ: ನಾನು ತಾಂಡಾದ ಹುಡುಗಿ, ಬಿ.ಇಡಿ. ಮುಗಿಸಿದ್ದೇನೆ. ದೀಪಾವಳಿ ಆದ ಮೇಲೆ ನಮ್ಮ ತಾಂಡಾದ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆಂದು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ತಿರುಗಿ ಬಂದಾಗ ಎಲ್ಲವನ್ನೂ ಮರೆತಿರುತ್ತಾರೆ. ಅವರಿಗಾಗಿ ನಾನೇನು ಮಾಡಬಹುದು?
(ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ)

ಉತ್ತರ: ನಿಮ್ಮ ಕೆಲಸ ದಸರೆಗೆ ಮೊದಲೇ ಆರಂಭವಾಗಬೇಕು. ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದ ಮನೆಗಳು ಯಾವುವು, ಯಾವ ಮನೆಯಲ್ಲಿ ಅಜ್ಜ ಅಜ್ಜಿ ಊರಲ್ಲಿಯೇ ಉಳಿಯುತ್ತಾರೆ, ಯಾವ ಮನೆಯ ಹಿರಿಯ ಹುಡುಗಿಯನ್ನು ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದೇ ಕರೆದೊಯ್ಯುತ್ತಾರೆ ಎಂಬುದು ಶಾಲೆಯ ಮುಖ್ಯಗುರುಗಳಿಗೂ ತಿಳಿದಿರುವುದಿಲ್ಲ, ಆದರೆ ನಿಮಗೆ ತಿಳಿದಿರುತ್ತದೆ. ಅದನ್ನು ಒಂದು ಪಟ್ಟಿಯಾಗಿ ಬರೆದುಕೊಂಡು ಶಾಲೆಗೂ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೂ (ಸಿಆರ್‌ಪಿ) ಒಂದೊಂದು ಪ್ರತಿ ಕೊಡಿ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ಅವಕಾಶವಿದೆ. ಅದು ಮಂಜೂರಾಗಬೇಕಾದರೆ ಎಷ್ಟು ಮಕ್ಕಳು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬ ಲೆಕ್ಕ ಮುಂಚಿತವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಲುಪಿರಬೇಕು. ಕುಟುಂಬಗಳು ಲಾರಿ ಹತ್ತಿದ ಮೇಲೆ ಕೊಟ್ಟ ಅರ್ಜಿಯಿಂದ ಪ್ರಯೋಜನವಾಗುವುದಿಲ್ಲ.

ಎಲ್ಲ ಮಕ್ಕಳನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ, ಚಿಕ್ಕವರನ್ನು ತಾಯಿಯಿಂದ ಬೇರ್ಪಡಿಸುವುದು ಸರಿಯೂ ಅಲ್ಲ. ಹೋಗುವವರ ಕೈಗೆ ಮಗುವಿನ ಹೆಸರು, ತರಗತಿ, ಶಾಲೆಯ ಹೆಸರು ಮತ್ತು ಶಾಲಾ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆ ಬರೆದ ಒಂದು ಚೀಟಿ ಕೊಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮಹಾರಾಷ್ಟ್ರದಲ್ಲಿಯೂ ಅದೇ ಕಾಯ್ದೆ. ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ಜನನ ಪ್ರಮಾಣಪತ್ರ ಇಲ್ಲವೆಂದು ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮುಂಬೈ ಮಹಾನಗರ ಪಾಲಿಕೆಯೂ ಕನ್ನಡ ಶಾಲೆಗಳನ್ನು ನಡೆಸುತ್ತದೆ. ಕಬ್ಬಿನ ಫಡದಲ್ಲಿ ಗುಡಿಸಲು ಹಾಕಿಕೊಂಡು ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸುವವರಿಗೆ ಈ ಮಾಹಿತಿಯಿಂದ ಹೆಚ್ಚು ನೆರವಾಗದು, ಆದರೆ ಕಟ್ಟಡ ಕೆಲಸಕ್ಕೆ ಹೋಗಿ ಒಂದೇ ಕಡೆ ತಿಂಗಳುಗಟ್ಟಲೆ ಇರುವವರಿಗೆ ಖಂಡಿತ ಆಗುತ್ತದೆ. ವಾರಕ್ಕೊಮ್ಮೆ ತಂದೆಯ ಮೊಬೈಲಿಗೆ ಕರೆಮಾಡಿ ಮಗುವಿನಿಂದ ಅರ್ಧ ಪುಟ ಓದಿಸಿ ಕೇಳುವುದು ಕೂಡ ಕೆಲಸವೇ. ಒಬ್ಬ ಸ್ವಯಂಸೇವಕಿ ಐದಾರು ಮಕ್ಕಳನ್ನು ಹೀಗೆ ನಿಭಾಯಿಸಬಲ್ಲಳು. ಚೀಲದಲ್ಲಿ ಎರಡು ಕಥೆಪುಸ್ತಕ ಇಟ್ಟು ಕಳುಹಿಸಿ.

ತಿರುಗಿ ಬಂದ ಮಕ್ಕಳನ್ನು ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಕೊಡಬೇಕೆಂದು ಅದೇ ಕಾಯ್ದೆಯ 4ನೆಯ ಪ್ರಕರಣ ಹೇಳುತ್ತದೆ. ಬೇಸಿಗೆ ರಜೆಯಲ್ಲಿ ನೀವು ತಾಂಡಾದಲ್ಲಿಯೇ ಆ ತರಬೇತಿಯನ್ನು ನಡೆಸಬಹುದು, ಮತ್ತು ಬಿ.ಇಡಿ. ಮಾಡಿರುವ ನಿಮಗಿಂತ ಅದಕ್ಕೆ ಅರ್ಹರು ಅಲ್ಲಿ ಬೇರೆ ಯಾರಿದ್ದಾರೆ?

ನಿಮ್ಮಲ್ಲಿರುವ ಇನ್ನೊಂದು ಬಲದ ಬಗ್ಗೆ ನೀವು ಪತ್ರದಲ್ಲಿ ಏನೂ ಬರೆದಿಲ್ಲ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತನಾಡುತ್ತದೆ. ತಾಯಿಯನ್ನು ‘ಯಾಡಿ’ ಎಂದು ಕರೆಯುವ ಮಗು ಒಂದನೆಯ ತರಗತಿಗೆ ಬಂದು ಕುಳಿತ ದಿನ ಶಿಕ್ಷಕರ ಮಾತು ಅದಕ್ಕೆ ಪರಭಾಷೆ, ಮತ್ತು ಉತ್ತರಿಸದ ಮಗುವನ್ನು ದಡ್ಡನೆಂದು ತಿಳಿಯುವುದು ಎಷ್ಟೋ ಶಾಲೆಗಳಲ್ಲಿ ನಡೆದುಹೋಗುತ್ತದೆ. ನೀವು ಆ ಮಗುವಿಗೆ ಕಥೆಯನ್ನು ಮೊದಲು ಲಂಬಾಣಿಯಲ್ಲಿ ಹೇಳಿ, ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಕನ್ನಡದ ಪುಟವನ್ನು ಅದರ ಮುಂದಿಡಿ. ಹೊರಗಿನಿಂದ ಬಂದ ಎಷ್ಟು ನುರಿತ ಶಿಕ್ಷಕರಿಗೂ ಇದು ಸಾಧ್ಯವಿಲ್ಲ. ಬೀದರ್ ಜಿಲ್ಲೆಯ ಗಡಿಯ ಊರುಗಳ ಮರಾಠಿ, ತೆಲುಗು ಮನೆಮಾತಿನ ಮಕ್ಕಳಿಗೂ, ಕಲಬುರಗಿಯ ಬಡಾವಣೆಗಳ ಉರ್ದು ಮನೆಮಾತಿನ ಮಕ್ಕಳಿಗೂ ಇದೇ ದಾರಿ ಸೂಕ್ತ.

ಪ್ರಶ್ನೆ: ನಾವು ಸಂಜೆ ತರಗತಿ ಆರಂಭಿಸಿದ ಸುದ್ದಿ ತಿಳಿದು ನಮ್ಮೂರಿನ ಶಾಲೆಯ ಮುಖ್ಯಗುರುಗಳು, “ನಾವು ಪಾಠ ಮಾಡುವುದಿಲ್ಲವೆಂದು ತೋರಿಸಲು ಹೊರಟಿದ್ದೀರಾ?” ಎಂದು ಬೇಸರಪಟ್ಟರು. ಊರಿನ ಕೆಲವರು “ನೀವೇ ಇನ್ನೂ ಹುಡುಗರು” ಎನ್ನುತ್ತಾರೆ. ಮುಂದುವರಿಯುವುದು ಸರಿಯೇ?
(ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ)

ಉತ್ತರ: ಮುಂದುವರಿಯಿರಿ, ಆದರೆ ಮೊದಲು ಮುಖ್ಯಗುರುಗಳ ಬಳಿಗೆ ಹೋಗಿ. ಅವರ ಬೇಸರಕ್ಕೆ ಕಾರಣವಿದೆ. ಹುದ್ದೆಗಳು ಖಾಲಿ ಇರುವ ಶಾಲೆಯಲ್ಲಿ ಅತಿಥಿ ಶಿಕ್ಷಕರನ್ನು ನೆಚ್ಚಿಕೊಂಡು, ಬಿಸಿಯೂಟ, ಗಣತಿ, ಆನ್‌ಲೈನ್ ದಾಖಲೆಗಳ ನಡುವೆ ಐದು ತರಗತಿಗಳನ್ನು ಇಬ್ಬರೋ ಮೂವರೋ ನಿಭಾಯಿಸುತ್ತಿರುವವರಿಗೆ, ಊರಿನ ಯುವಕರ ತರಗತಿ ತಮ್ಮ ಮೇಲಿನ ದೂರಿನಂತೆ ಕಾಣುವುದು ಸಹಜ. ಮಕ್ಕಳ ಓದಿನ ಮಟ್ಟ ಬರೆದ ಹಾಳೆಯನ್ನು ಮೊದಲು ಅವರಿಗೆ ತೋರಿಸಿ. ಅವರು ತರಗತಿಯಲ್ಲಿ ಕಂಡಿರುವುದನ್ನು ಕೇಳಿಕೊಳ್ಳಿ. ಯಾವ ಮಗುವಿಗೆ ಏನು ಬಾರದೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು, ಅವರಿಗಿಲ್ಲದಿರುವುದು ಸಂಜೆಯ ಹೊತ್ತು. ಆ ಹಾಳೆಯನ್ನು ವಾಟ್ಸ್‌ಆ್ಯಪ್ ಗುಂಪಿಗೋ ಪತ್ರಕರ್ತರಿಗೋ ಎಂದೂ ಕೊಡಬೇಡಿ. ಒಮ್ಮೆ ಶಾಲೆಯ ವಿಶ್ವಾಸ ಮುರಿದರೆ ಮಕ್ಕಳು ಎರಡು ಪಕ್ಷಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಶಾಲೆಯ ಮೇಲೆ ನಿಗಾ ಇಡುವ ಅಧಿಕಾರ ಕಾನೂನಿನ ಪ್ರಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣದಂತೆ ಇಂಥ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಾಗಿರಬೇಕು. ನಿಮ್ಮ ಅಕ್ಕನೋ ಅತ್ತಿಗೆಯೋ ಆ ಸಮಿತಿಯಲ್ಲಿದ್ದು, ಸಭೆಯ ನಡಾವಳಿಗೆ ಸಹಿ ಹಾಕುವುದಷ್ಟೇ ತಮ್ಮ ಕೆಲಸವೆಂದು ತಿಳಿದಿರಬಹುದು. ಅವರಿಗೆ ಆ ನಡಾವಳಿಯನ್ನು ಓದಿ ಹೇಳಿ, ಶೌಚಾಲಯದ ನೀರಿನ ವಿಷಯವನ್ನೋ ಶಿಕ್ಷಕರ ಕೊರತೆಯ ವಿಷಯವನ್ನೋ ಸಭೆಯಲ್ಲಿ ಎತ್ತಲು ಧೈರ್ಯ ತುಂಬುವುದು ಸಂಜೆ ತರಗತಿಯಷ್ಟೇ ದೊಡ್ಡ ಕೆಲಸ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳು ತಮ್ಮ ಪ್ರಶ್ನೆಗಳನ್ನು ತಾವೇ ಬರೆದು ತರುವಂತೆ ಸಿದ್ಧಪಡಿಸಿ.

ವಯಸ್ಸಿನ ಮಾತಿಗೆ ಅಂಜಬೇಡಿ. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಬಾಬರ್ ಅಲಿ 2002ರಲ್ಲಿ ತನ್ನ ಒಂಬತ್ತನೆಯ ವಯಸ್ಸಿನಲ್ಲಿ ಮನೆಯ ಹಿತ್ತಿಲಿನಲ್ಲಿ, ಶಾಲೆಗೆ ಹೋಗದ ಗೆಳೆಯರಿಗೆ ತಾನು ಆ ದಿನ ಶಾಲೆಯಲ್ಲಿ ಕಲಿತದ್ದನ್ನು ಹೇಳಿಕೊಡಲು ಆರಂಭಿಸಿದ್ದು ಮುಂದೆ ಶಾಲೆಯಾಗಿಯೇ ಬೆಳೆಯಿತು. ಅಷ್ಟು ದೂರ ಹೋಗುವುದೂ ಬೇಡ. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿಗೆ ಮಾತ್ರ ಮನ್ನಣೆ ಇದ್ದ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಿಮ್ಮ ಜಿಲ್ಲೆಯ ಪ್ರತಿ ಮನೆಯೂ ಬಲ್ಲದು. ಆಗ ವಿರೋಧಿಸುತ್ತಿದ್ದದ್ದು ಒಂದು ಸರ್ಕಾರ. ಈಗ ನಿಮ್ಮೆದುರು ಇರುವುದು ಬೇಸರಗೊಂಡ ಒಬ್ಬ ಮುಖ್ಯಗುರು. ಅವರ ಮನೆಗೆ ಹೋಗಿ ಚಹಾ ಕುಡಿದು ಮಾತನಾಡಬಹುದು.

ಪ್ರಶ್ನೆ: ನಮ್ಮೂರಲ್ಲಿ ಶಾಲೆ ಏಳನೆಯ ತರಗತಿಯವರೆಗೆ ಮಾತ್ರ ಇದೆ. ಪ್ರೌಢಶಾಲೆ ಪಕ್ಕದ ಊರಿನಲ್ಲಿದೆ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳುಹಿಸುತ್ತಾರೆ, ಕೆಲವರಿಗೆ ಮದುವೆಯನ್ನೂ ಗೊತ್ತು ಮಾಡುತ್ತಾರೆ. ನಾನು ಅವರಿಗೆ ಕಲಿಸಬೇಕೆಂದರೆ ಕತ್ತಲಾದ ಮೇಲೆ ಹೊರಗೆ ಹೋಗಲು ನಮ್ಮ ಮನೆಯಲ್ಲಿಯೇ ಒಪ್ಪುವುದಿಲ್ಲ.
(ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ)

ಉತ್ತರ: ನಿಮ್ಮ ಮನೆಯವರ ಆತಂಕವೂ ಆ ಹುಡುಗಿಯರ ಮನೆಯವರ ಆತಂಕವೂ ಒಂದೇ, ಆದ್ದರಿಂದ ಅವರೊಂದಿಗೆ ಮಾತನಾಡಲು ನಿಮಗಿಂತ ತಕ್ಕವರಿಲ್ಲ. ತರಗತಿಯನ್ನು ಸಂಜೆಯಿಂದ ಮಧ್ಯಾಹ್ನಕ್ಕೆ, ಭಾನುವಾರಕ್ಕೆ ಬದಲಿಸಿ. ಅಂಗನವಾಡಿಯಲ್ಲೋ, ಸ್ವಸಹಾಯ ಸಂಘದ ಸಭೆ ನಡೆಯುವ ಮನೆಯ ಪಡಸಾಲೆಯಲ್ಲೋ ಕುಳಿತುಕೊಳ್ಳಿ. ಬಾಗಿಲು ತೆರೆದಿರಲಿ, ಯಾವಾಗಲೂ ಇಬ್ಬರು ಹಿರಿಯರು ಇರಲಿ, ತಾಯಂದಿರು ಯಾವಾಗ ಬೇಕಾದರೂ ಬಂದು ಕೂರುವಂತಿರಲಿ. ಈ ಮೂರನ್ನು ಹುಡುಗರು ನಡೆಸುವ ತರಗತಿಗಳಲ್ಲಿಯೂ ತಪ್ಪದೆ ಪಾಲಿಸಬೇಕು.

ರಾಜಸ್ಥಾನದಲ್ಲಿ 2007ರಲ್ಲಿ ಆರಂಭವಾದ ‘ಎಜುಕೇಟ್ ಗರ್ಲ್ಸ್’ ಸಂಸ್ಥೆಯ ಕೆಲಸದ ಬೆನ್ನೆಲುಬು ‘ಟೀಮ್ ಬಾಲಿಕಾ’ ಎಂಬ, ಆಯಾ ಊರಿನವರೇ ಆದ ಯುವ ಸ್ವಯಂಸೇವಕರ ಪಡೆ. ಅವರು ಮನೆ ಮನೆಗೆ ಹೋಗಿ ಶಾಲೆಯ ಹೊರಗಿರುವ ಹುಡುಗಿಯರನ್ನು ಹುಡುಕಿ, ತಂದೆ ತಾಯಿಯರ ಜೊತೆ ಮತ್ತೆ ಮತ್ತೆ ಮಾತನಾಡಿ ಶಾಲೆಗೆ ಸೇರಿಸುತ್ತಾರೆ. ಆ ಸಂಸ್ಥೆಗೆ 2025ರ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ. ಅವರ ಅನುಭವದಿಂದ ನಾವು ತೆಗೆದುಕೊಳ್ಳಬೇಕಾದದ್ದು, ಒಂದು ಭೇಟಿಗೆ ಯಾರೂ ಒಪ್ಪುವುದಿಲ್ಲ ಎಂಬ ತಿಳಿವಳಿಕೆ.

ಒಪ್ಪಿದ ತಂದೆಯ ಮುಂದೆ ಆ ಕ್ಷಣವೇ ಇಡಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ನಿಮ್ಮ ತಾಲ್ಲೂಕಿನ ಅಥವಾ ಪಕ್ಕದ ತಾಲ್ಲೂಕಿನ ಕಸ್ತೂರ ಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಿವರ ತಿಳಿದುಕೊಂಡಿರಿ. 2004ರಲ್ಲಿ ಆರಂಭವಾದ ಈ ವಸತಿ ಶಾಲೆಗಳು ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿಯೇ ಇರುವವು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ ಮಗು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಅರ್ಜಿಗೆ ಬೇಕಾದ ಆದಾಯ ಮತ್ತು ಜಾತಿ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮಾಡಿಸಲು, ಬ್ಯಾಂಕ್ ಖಾತೆ ತೆರೆಸಲು ತಂದೆ ಒಂದೆರಡು ದಿನದ ಕೂಲಿ ಕಳೆದುಕೊಳ್ಳಬೇಕಾಗುತ್ತದೆ, ಮತ್ತು ಎಷ್ಟೋ ಅರ್ಜಿಗಳು ನಿಂತುಹೋಗುವುದು ಅಲ್ಲಿಯೇ. ಆ ಓಡಾಟವನ್ನು ನಿಮ್ಮ ಗುಂಪು ವಹಿಸಿಕೊಂಡರೆ ಊರಿನವರ ನಂಬಿಕೆ ತಾನಾಗಿ ಬರುತ್ತದೆ. ಬಸ್ಸಿನ ಸಮಯ ಬದಲಿಸುವಂತೆ ವಿದ್ಯಾರ್ಥಿನಿಯರ ಸಂಖ್ಯೆಯೊಂದಿಗೆ, ಪೋಷಕರ ಸಹಿಯೊಂದಿಗೆ ಸಾರಿಗೆ ಘಟಕಕ್ಕೆ ಅರ್ಜಿ ಕೊಡಿ, ಪ್ರತಿಯನ್ನು ಪಂಚಾಯಿತಿಗೂ ಕೊಡಿ.

ಬಾಲ್ಯವಿವಾಹದ ಸುಳಿವು ಸಿಕ್ಕರೆ ನೀವೊಬ್ಬರೇ ಆ ಮನೆಗೆ ಹೋಗಿ ವಾದಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ಅದೇ ಊರಿನಲ್ಲಿ ಬದುಕಬೇಕಾದ ಹೆಣ್ಣುಮಗಳು ನೀವು, ಆದ್ದರಿಂದ ಆ ಕೆಲಸವನ್ನು ಅಧಿಕಾರವಿರುವವರೇ ಮಾಡಲಿ.

ಪ್ರಶ್ನೆ: ನಮ್ಮ ಗುಂಪನ್ನು ಸಂಘವಾಗಿ ನೋಂದಾಯಿಸಬೇಕೇ? ದಾನಿಗಳು ಕೇಳುತ್ತಾರೆ.
(ಬಸವಕಲ್ಯಾಣ ತಾಲ್ಲೂಕು, ಬೀದರ್ ಜಿಲ್ಲೆ)

ಉತ್ತರ: ಮೊದಲ ವರ್ಷ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ ಏಳು ಮಂದಿ ಸೇರಿ ನೋಂದಾಯಿಸಬಹುದು. ಆದರೆ ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ, ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಪಟ್ಟಿ ಎಂದು ಕಚೇರಿಯ ಕೆಲಸ ಬೆಳೆಯುತ್ತದೆ, ಮತ್ತು ಅಧ್ಯಕ್ಷರು ಯಾರಾಗಬೇಕೆಂಬ ಚರ್ಚೆಯಲ್ಲಿಯೇ ಒಡೆದುಹೋದ ಗುಂಪುಗಳಿವೆ. ದಾನಿಗಳಿಂದ ಹಣ ಪಡೆಯದೆ ವಸ್ತುಗಳನ್ನು ಪಡೆಯಿರಿ: ಪುಸ್ತಕ, ಪಾಟಿ, ಕರೆಂಟ್ ಹೋದಾಗ ಉರಿಯುವ ಚಾರ್ಜಿಂಗ್ ದೀಪ. ಪಡೆದದ್ದನ್ನು ಸಮುದಾಯ ಭವನದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಪ್ರಶ್ನೆ: ನಮ್ಮ ತರಗತಿ ಒಂದು ವರ್ಷ ಚೆನ್ನಾಗಿ ನಡೆದು ನಿಂತುಹೋಯಿತು. ಇಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಒಬ್ಬಳಿಗೆ ಮದುವೆಯಾಯಿತು. ಸುಗ್ಗಿಯಲ್ಲಿ ಮಕ್ಕಳೇ ಬರಲಿಲ್ಲ. ಮತ್ತೆ ಆರಂಭಿಸಿದರೆ ನಿಲ್ಲದಂತೆ ಹೇಗೆ ನಡೆಸಬಹುದು?
(ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಯುವಕರು ಊರು ಬಿಡುವುದು ತಪ್ಪಲ್ಲ, ಓದಿದವರು ಕೆಲಸಕ್ಕೆ ಹೋಗಲೇಬೇಕು. ಆದ್ದರಿಂದ ಯಾರೂ ಎರಡು ವರ್ಷಕ್ಕಿಂತ ಹೆಚ್ಚು ಇರುವುದಿಲ್ಲವೆಂದು ಮೊದಲೇ ಎಣಿಸಿಕೊಂಡು ಕೆಲಸ ಕಟ್ಟಬೇಕು. ಪದವಿಯ ವಿದ್ಯಾರ್ಥಿಗಳ ಜೊತೆಗೆ ಪಿಯುಸಿಯವರನ್ನು ಸಹಾಯಕರಾಗಿ ಸೇರಿಸಿಕೊಳ್ಳಿ. ಈ ವರ್ಷ ಪಕ್ಕದಲ್ಲಿ ಕುಳಿತು ನೋಡಿದವರು ಮುಂದಿನ ವರ್ಷ ಗುಂಪು ನಡೆಸಬಲ್ಲರು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಅಧಿಕಾರಿಗಳನ್ನು ಕಂಡು ಮಾತನಾಡಿ. ಏಳು ದಿನದ ವಿಶೇಷ ಶಿಬಿರ ನಿಮ್ಮ ಊರಿನಲ್ಲಿ ನಡೆದರೆ ಮನೆ ಮನೆಯ ಸಮೀಕ್ಷೆ ಒಂದೇ ವಾರದಲ್ಲಿ ಮುಗಿಯುತ್ತದೆ.

ಸುಗ್ಗಿಯ ವಿಷಯದಲ್ಲಿ ಊರಿನ ಬೇಸಾಯದ ಕ್ಯಾಲೆಂಡರಿಗೆ ನೀವು ಹೊಂದಿಕೊಳ್ಳಬೇಕು. ಕೃಷ್ಣಾ ಕಾಲುವೆಯ ನೀರು ಬಂದ ನಿಮ್ಮ ಭಾಗದಲ್ಲಿ ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಶಾಲೆಯ ಹಾಜರಿಯೇ ಇಳಿಯುತ್ತದೆ. ಕಲಬುರಗಿಯ ಕಡೆ ತೊಗರಿ ರಾಶಿಯ ಡಿಸೆಂಬರ್, ಜನವರಿಯಲ್ಲಿಯೂ ಅದೇ ಸ್ಥಿತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಐದು ದಿನ ಗಟ್ಟಿಯಾಗಿ ನಡೆಸಿ. ಸುಗ್ಗಿಯಲ್ಲಿ ವಾರಕ್ಕೆರಡು ದಿನ, ಅರ್ಧ ಗಂಟೆಯ ಕಥೆ ಓದು ಸಾಕು. ಆಗ ನಿಮ್ಮ ಮುಖ್ಯ ಕೆಲಸ ಹೊಲಕ್ಕೆ ಹೋದ ಮಗು ಶಾಲೆಗೆ ತಿರುಗಿ ಹೋಯಿತೇ ಎಂದು ನೋಡುವುದು. ನಮ್ಮ ರಾಜ್ಯದಲ್ಲಿ ಸತತ ಏಳು ದಿನ ಕಾರಣವಿಲ್ಲದೆ ಗೈರಾದ ಮಗುವನ್ನು ಶಾಲೆಯ ಹೊರಗಿರುವ ಮಗುವೆಂದೇ ಪರಿಗಣಿಸಬೇಕಾಗುತ್ತದೆ. ಏಳನೆಯ ದಿನದ ಸಂಜೆಯೊಳಗೆ ನಿಮ್ಮಲ್ಲೊಬ್ಬರು ಆ ಮನೆಯಲ್ಲಿರಬೇಕು.

1990ರ ಫೆಬ್ರುವರಿ 4ರಂದು ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಅದರ ಬೆನ್ನಿಗೆ ದೇಶದ ನೂರಾರು ಜಿಲ್ಲೆಗಳಲ್ಲಿ ಸಾವಿರಾರು ಯುವಕರು ಲಾಂದ್ರದ ಬೆಳಕಿನಲ್ಲಿ ಅಕ್ಷರ ಕಲಿಸಿದರು. ಆ ಸಾಕ್ಷರತಾ ಆಂದೋಲನ ಮುಗಿದ ಮೇಲೆ ಓದಲು ಪುಸ್ತಕವೇ ಸಿಗದ ಊರುಗಳಲ್ಲಿ ಕಲಿತವರು ಅಕ್ಷರ ಮರೆತದ್ದೂ ಆ ಕಾಲದ ಅನುಭವವೇ. ಅದಕ್ಕಾಗಿ ನಿಮ್ಮ ತರಗತಿಯ ಪ್ರತಿ ಮಗುವಿಗೂ ಮೊದಲ ತಿಂಗಳಲ್ಲಿಯೇ ಅರಿವು ಕೇಂದ್ರದ ಸದಸ್ಯತ್ವ ಮಾಡಿಸಿಕೊಡಿ. ನೀವು ನಿಂತರೂ ಮಗು ಹೋಗಿ ಕೂರುವ ಒಂದು ಜಾಗ ಊರಿನಲ್ಲಿ ಉಳಿದಿರುತ್ತದೆ.

ಒಂದು ವಹಿ ಇಡಿ. ಪ್ರತಿ ಮಗುವಿಗೆ ಒಂದು ಪುಟ: ಯಾವ ದಿನ ಯಾವ ಮಟ್ಟದಲ್ಲಿ ಓದುತ್ತಿತ್ತು, ಎಲ್ಲಿ ಎಡವಿತು, ಮನೆಯ ಪರಿಸ್ಥಿತಿ ಏನು, ಗುಳೆ ಹೋಗುತ್ತದೆಯೇ, ಯಾರ ಮೊಬೈಲಿಗೆ ಕರೆ ಮಾಡಬೇಕು. ಆ ವಹಿ ಒಬ್ಬರ ಮನೆಯಲ್ಲಿರದೆ ಬೀಗವಿರುವ ಪೆಟ್ಟಿಗೆಯಲ್ಲಿ ಸಮುದಾಯ ಭವನದಲ್ಲಿಯೇ ಇರಲಿ, ಗುಂಪಿನವರಲ್ಲದೆ ಬೇರೆಯವರ ಕೈಗೆ ಹೋಗದಿರಲಿ. ಬೆಂಗಳೂರಿಗೆ ಹೋದ ಗೆಳೆಯರಿಬ್ಬರನ್ನೂ ಕೈಬಿಡಬೇಡಿ. ಯಾವ ಮಕ್ಕಳು ಯಾವ ಮಟ್ಟದಲ್ಲಿದ್ದರೆಂದು ಅವರಿಗೆ ಇನ್ನೂ ನೆನಪಿರಬಹುದು; ಹೊಸ ವಹಿಯ ಮೊದಲ ಪುಟಗಳನ್ನು ಈ ವಾರವೇ ಅವರೊಂದಿಗೆ ಫೋನಿನಲ್ಲಿ ಮಾತನಾಡಿ ಬರೆದುಕೊಳ್ಳಿ.